ಅವರ ಮಾತನ್ನೇ ನೀವೂ ಆಡುವುದಾದರೆ ನಿಮಗೇಕೆ ಮತ ಹಾಕಬೇಕು?

ಲೇಬರ್ ಪಕ್ಷದ ಮಾನ್ಯ ಸಂಸದರಿಗೆ ನಮಸ್ಕಾರ.

ಇದರ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಕನ್ನಡದಲ್ಲಿ ಬಹಿರಂಗವಾಗಿಯೂ ಬರೆಯಲು ಕಾರಣವಿದೆ. ಇಂಗ್ಲೆಂಡಿನ ಲ್ಯಾಂಕಾಶೈರ್ ಕೌಂಟಿಯ ನಿಮ್ಮ ಕ್ಷೇತ್ರದಲ್ಲಿ ನನ್ನಂಥ ಕನ್ನಡಿಗರೂ ಇದ್ದಾರೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ, ಕಾಮನ್‌ವೆಲ್ತ್ ದೇಶದವರೆಂಬ ಕಾರಣಕ್ಕೆ ಇಲ್ಲಿನ ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು ಎಂಬುದು ಅವರಲ್ಲಿ ಹಲವರಿಗೆ ಗೊತ್ತೇ ಇಲ್ಲ. ನನಗೆ ಗೊತ್ತಿತ್ತು. 2024ರ ಜುಲೈ 4ರಂದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ, ನರ್ಸ್ ಸಮವಸ್ತ್ರದಲ್ಲೇ ಹೋಗಿ ನಿಮಗೆ ಮತ ಹಾಕಿದೆ. ಮುಂದಿನ ಸಲ ಯಾರಿಗೆ ಎಂಬ ಪ್ರಶ್ನೆ ಈಗ ಎದ್ದಿದೆ. ಆ ಪ್ರಶ್ನೆ ಹುಟ್ಟಿಸಿದವರು ವಲಸೆ ವಿರೋಧಿ ರಿಫಾರ್ಮ್ ಯುಕೆ ಪಕ್ಷದವರಲ್ಲ, ನೀವು.

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆ ಚುನಾವಣೆಯಲ್ಲಿ ನೈಜೆಲ್ ಫರಾಜ್ ಅವರ ರಿಫಾರ್ಮ್ ಪಕ್ಷಕ್ಕೆ ಬಿದ್ದದ್ದು ಸುಮಾರು 41 ಲಕ್ಷ ಮತ, ದಕ್ಕಿದ್ದು ಐದೇ ಸ್ಥಾನ. ಆದರೆ 98 ಕ್ಷೇತ್ರಗಳಲ್ಲಿ ಅದು ಎರಡನೆಯ ಸ್ಥಾನಕ್ಕೆ ಬಂತು. ಅವುಗಳಲ್ಲಿ 89 ಲೇಬರ್ ಗೆದ್ದವು, ನಿಮ್ಮದೂ ಅದರಲ್ಲೊಂದು. ಹತ್ತೇ ತಿಂಗಳಲ್ಲಿ, 2025ರ ಮೇ 1ರಂದು, ನಮ್ಮ ಜಿಲ್ಲಾ ಪಂಚಾಯಿತಿಯಂಥ ಲ್ಯಾಂಕಾಶೈರ್ ಕೌಂಟಿ ಕೌನ್ಸಿಲ್‌ನ 84 ಸ್ಥಾನಗಳಲ್ಲಿ 53 ಆ ಪಕ್ಷದ ಪಾಲಾದವು. ಅದೇ ದಿನ ರನ್‌ಕಾರ್ನ್ ಸಂಸತ್ ಉಪಚುನಾವಣೆಯನ್ನು ಅದು ಆರು ಮತಗಳ ಅಂತರದಲ್ಲಿ ನಿಮ್ಮವರಿಂದ ಕಿತ್ತುಕೊಂಡಿತು. ಇಷ್ಟಾದ ಮೇಲೆ ನಿದ್ದೆ ಬಾರದಿರುವುದು ಸಹಜ. ಎಚ್ಚರವಾದ ಮೇಲೆ ನೀವು ಹಿಡಿದ, ಅವರ ಮಾತನ್ನೇ ಆಡುವ ದಾರಿಯ ಬಗ್ಗೆ ನನ್ನ ತಕರಾರು.

ನನ್ನ ಪಕ್ಕದ ಮನೆಯ ಹಿರಿಯರು ರಿಫಾರ್ಮ್‌ಗೆ ಮತ ಹಾಕಿದವರು. ನಿವೃತ್ತ ಬಸ್ ಚಾಲಕರು, ಒಂಟಿ. ನಾನು ಕೆಲಸಕ್ಕೆ ಹೋದಾಗ ನನ್ನ ಪಾರ್ಸೆಲ್‌ಗಳನ್ನು ಇಸಿದುಕೊಂಡು ಇಡುವವರು, ಹಿಮ ಬಿದ್ದ ದಿನ ನನ್ನ ಮೆಟ್ಟಿಲಿಗೂ ಉಪ್ಪು ಚೆಲ್ಲುವವರು ಅವರೇ. ಹೋದ ವರ್ಷ ಕಸದ ಡಬ್ಬ ಎಳೆದುಕೊಂಡು ಹೊರಗೆ ಬಂದಾಗ ಅವರ ಕೆನ್ನೆ ಊದಿತ್ತು. ಕೇಳಿದರೆ ಜೇಬಿನಿಂದ ಟಿಶ್ಯೂ ತೆಗೆದು ಬಿಡಿಸಿ ತೋರಿಸಿದರು. ಒಳಗೆ ದವಡೆಹಲ್ಲು, ಬೇರಿನ ತುದಿ ಮುರಿದಿತ್ತು. ಎರಡು ಪೆಗ್ ವಿಸ್ಕಿ ಕುಡಿದು, ಗ್ಯಾರೇಜಿನ ಇಕ್ಕಳದಿಂದ ತಾವೇ ಕಿತ್ತುಕೊಂಡಿದ್ದರು. ಎನ್‌ಎಚ್‌ಎಸ್ ಎಂಬ ಸರ್ಕಾರಿ ಆರೋಗ್ಯ ಸೇವೆಯ ರೋಗಿಗಳನ್ನು ತೆಗೆದುಕೊಳ್ಳುವ ದಂತವೈದ್ಯರು ಸುತ್ತಮುತ್ತ ಎಲ್ಲೂ ಸಿಗಲಿಲ್ಲವಂತೆ, ಖಾಸಗಿಗೆ ಹೋಗಲು ದುಡ್ಡಿಲ್ಲವಂತೆ. ನಾನು ಅವರನ್ನು ಬೈದು, ಒಳಗೆ ಕೂರಿಸಿ, ಸೋಂಕು ತಗುಲಿದೆಯೇ ಎಂದು ನೋಡಿದೆ. ಬಾಯಿ ತೊಳೆದುಕೊಳ್ಳುತ್ತಲೇ ಅವರು ಆಶ್ರಯ ಕೇಳಿ ದೋಣಿಗಳಲ್ಲಿ ಬರುವವರ ಮಾತು ಎತ್ತಿದರು. ಸರ್ಕಾರದ ಖರ್ಚಿನಲ್ಲಿ ಹೋಟೆಲಿನಲ್ಲಿರುವ ಅವರಿಗೆಲ್ಲ ಹಲ್ಲು ನೋಡುವವರಿದ್ದಾರೆ, ತನಗಿಲ್ಲ ಎಂದರು. ನಿನ್ನಂಥವರ ಬಗ್ಗೆ ಹೇಳುತ್ತಿಲ್ಲ ಎಂದು ಸೇರಿಸಲು ಮರೆಯಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ದಂತವೈದ್ಯರು ಎನ್‌ಎಚ್‌ಎಸ್ ಬಿಡಲು ಇಂಗ್ಲಿಷ್ ಕಾಲುವೆ ದಾಟುವ ದೋಣಿಗಳು ಕಾರಣವಲ್ಲ. ನಿಮ್ಮದೇ ಪಕ್ಷದ ಸರ್ಕಾರ 2006ರಲ್ಲಿ ದಂತವೈದ್ಯರ ಸಂಭಾವನೆಗೆ ತಂದ ಒಪ್ಪಂದ ದೊಡ್ಡ ಕಾರಣ. ಬಾಯಿ ತುಂಬ ಹುಳುಕಿರುವ ರೋಗಿಯನ್ನು ನೋಡಿದರೆ ಆ ಲೆಕ್ಕದಲ್ಲಿ ವೈದ್ಯರಿಗೆ ಗಿಟ್ಟುವುದಿಲ್ಲ. ಇದನ್ನು ನನ್ನ ನೆರೆಯವರಿಗೆ ವಿವರಿಸಿದವರು ಯಾರು? ನೀವಲ್ಲ. ನೀವು ಅಧಿಕಾರಕ್ಕೆ ಬಂದ ತಿಂಗಳೊಪ್ಪತ್ತಿನಲ್ಲಿ ಸುಮಾರು ಒಂದು ಕೋಟಿ ಪಿಂಚಣಿದಾರರ ಚಳಿಗಾಲದ ಇಂಧನ ಭತ್ಯೆಗೆ ಕತ್ತರಿ ಹಾಕಿದಿರಿ, ಇವರ 200 ಪೌಂಡ್ ಕೂಡ ಅದರಲ್ಲಿ ಹೋಯಿತು. ಮರುವರ್ಷ ಜೂನ್‌ನಲ್ಲಿ ಬಹುಪಾಲು ಜನರಿಗೆ ವಾಪಸ್ ಕೊಟ್ಟಿರಿ. ಆ ಹೊತ್ತಿಗೆ ಕೌನ್ಸಿಲ್ ಚುನಾವಣೆ ಮುಗಿದಿತ್ತು.

ವಲಸೆಯ ಬಗ್ಗೆ ಅವರ ಸಿಟ್ಟು ಪೂರ್ತಿ ಕಟ್ಟುಕಥೆ ಎಂದೂ ನಾನು ಹೇಳಲಾರೆ. 2016ರಲ್ಲಿ ಬ್ರೆಕ್ಸಿಟ್‌ಗೆ, ಅಂದರೆ ಐರೋಪ್ಯ ಒಕ್ಕೂಟ ಬಿಡಲು, ಮತ ಕೇಳಿದವರು ವಲಸೆ ಇಳಿಯುತ್ತದೆ ಎಂದರು. ಕನ್ಸರ್ವೇಟಿವ್ ಆಳ್ವಿಕೆಯಲ್ಲೇ, 2023ರ ಹೊತ್ತಿಗೆ, ವರ್ಷದ ನಿವ್ವಳ ವಲಸೆ (ಬಂದವರಲ್ಲಿ ಹೋದವರನ್ನು ಕಳೆದ ಲೆಕ್ಕ) 9 ಲಕ್ಷ ದಾಟಿತು. ಬಂದವರಲ್ಲಿ ಹೆಚ್ಚಿನವರು ಸರ್ಕಾರವೇ ವೀಸಾ ಕೊಟ್ಟು ಕರೆಸಿಕೊಂಡ ವಿದ್ಯಾರ್ಥಿಗಳು, ವೃದ್ಧರ ಆರೈಕೆಗೆ ಬಂದವರು, ಆಸ್ಪತ್ರೆ ಸಿಬ್ಬಂದಿ, ಅವರ ಕುಟುಂಬದವರು. ಕರೆದವರು ಒಬ್ಬರು, ಬೈಗುಳ ತಿನ್ನುವವರು ಬೇರೊಬ್ಬರು.

ಇನ್ನು ನಮ್ಮವರ ಬಗ್ಗೆಯೂ ಒಂದು ಮಾತು. ಯುಗಾದಿ ಊಟದ ಸಾಲಿನಲ್ಲಿ ಕೂತು, ನಾವು ನ್ಯಾಯವಾಗಿ ಬಂದವರು, ತೆರಿಗೆ ಕಟ್ಟುವವರು, ಫರಾಜ್ ಹೇಳುವುದು ಆ ದೋಣಿಯವರನ್ನು ಎನ್ನುವ ಕನ್ನಡಿಗರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. 2025ರ ಸೆಪ್ಟೆಂಬರ್‌ನಲ್ಲಿ ಅದೇ ಫರಾಜ್, ತಮ್ಮ ಪಕ್ಷ ಬಂದರೆ ಕಾಯಂ ವಾಸದ ಪರವಾನಗಿಯನ್ನೇ ತೆಗೆದುಹಾಕುತ್ತೇವೆ ಎಂದರು. ಈಗಾಗಲೇ ಪಡೆದವರೂ ಐದೈದು ವರ್ಷಕ್ಕೊಮ್ಮೆ ವೀಸಾಕ್ಕೆ ಅರ್ಜಿ ಹಾಕಬೇಕಂತೆ. ಆ ಪರವಾನಗಿ ಇರುವುದು ದೋಣಿಯಿಂದ ನಿನ್ನೆ ಇಳಿದವರ ಬಳಿಯಲ್ಲ, ನನ್ನ ಬಳಿ. ಅಂದಿನಿಂದ ಊಟದ ಸಾಲು ಸ್ವಲ್ಪ ತಣ್ಣಗಾಗಿದೆ.

ಆದರೆ ಆ ಮಾತಿಗೆ ಹಾದಿ ಮಾಡಿಕೊಟ್ಟವರು ಯಾರು? ಅದೇ ವರ್ಷ ಮೇ 12ರಂದು ನಿಮ್ಮ ಪ್ರಧಾನಿ ಕೀರ್ ಸ್ಟಾರ್ಮರ್, ಬ್ರಿಟನ್ ಅಪರಿಚಿತರ ದ್ವೀಪವಾಗುವ ಅಪಾಯವಿದೆ ಎಂದರು. ಕಾಯಂ ವಾಸಕ್ಕೆ ಐದು ವರ್ಷದ ಬದಲು ಹತ್ತು ವರ್ಷ ಕಾಯಿಸುವ ಶ್ವೇತಪತ್ರ ತಂದರು. ನೀವು ಐದನ್ನು ಹತ್ತು ಮಾಡಿದಿರಿ, ಅವರು ಅದನ್ನು ಇಲ್ಲವಾಗಿಸುತ್ತೇವೆ ಎಂದರು. ಈ ಪೈಪೋಟಿಯಲ್ಲಿ ನೀವು ಗೆಲ್ಲುವುದುಂಟೇ? ಸೆಪ್ಟೆಂಬರ್ ಕೊನೆಗೆ ಸ್ಟಾರ್ಮರ್ ರಿಫಾರ್ಮ್‌ನ ನೀತಿಯನ್ನು ಜನಾಂಗೀಯವಾದಿ ಎಂದು ಕರೆದರು. ಮೇ ತಿಂಗಳ ತಮ್ಮ ಮಾತಿಗೆ ಅದಕ್ಕೂ ಮೊದಲೇ ವಿಷಾದವನ್ನೂ ವ್ಯಕ್ತಪಡಿಸಿದ್ದರು. ಎರಡೂ ಒಳ್ಳೆಯದೇ. ಆದರೆ ನನ್ನ ನೆರೆಯವರಿಗೆ ಇವರು ಯಾವತ್ತು ಯಾವ ಕಡೆ ಇರುತ್ತಾರೆ ಎಂದೇ ತಿಳಿಯುವುದಿಲ್ಲ. ಫರಾಜ್ ಎಲ್ಲಿದ್ದಾರೆಂಬುದು ಮಾತ್ರ ಅವರಿಗೆ ಮೂವತ್ತು ವರ್ಷದಿಂದ ಗೊತ್ತು.

ಬೇರೆ ದಾರಿ ಇದೆ, ನಿಮ್ಮ ಪಕ್ಷದ ಚರಿತ್ರೆಯಲ್ಲೇ ಇದೆ. ಲಂಡನ್ನಿನ ಪೂರ್ವದ ಬಾರ್ಕಿಂಗ್ ಮತ್ತು ಡ್ಯಾಗೆನ್‌ಹ್ಯಾಮ್‌ನಲ್ಲಿ ಫೋರ್ಡ್ ಕಾರ್ಖಾನೆ 2002ರಲ್ಲಿ ಕಾರು ಜೋಡಣೆ ನಿಲ್ಲಿಸಿತು. ಕೌನ್ಸಿಲ್ ಬಾಡಿಗೆಗೆ ಕೊಡುತ್ತಿದ್ದ ಮನೆಗಳು ಮಾರಾಟವಾಗಿ ಹೊಸವು ಏಳಲಿಲ್ಲ. ಬಾಡಿಗೆ ಅಗ್ಗವಿದ್ದ ಆ ಭಾಗಕ್ಕೆ ಹೊಸಬರು ಬಂದರು. 2006ರಲ್ಲಿ ಬ್ರಿಟಿಷ್ ನ್ಯಾಷನಲ್ ಪಾರ್ಟಿ ಅಲ್ಲಿನ ಕೌನ್ಸಿಲ್‌ನಲ್ಲಿ 12 ಸ್ಥಾನ ಗೆದ್ದಿತು. (ರಿಫಾರ್ಮ್ ಆ ಪಕ್ಷದಂಥದ್ದಲ್ಲ. ಅದು ಬಹಿರಂಗ ಜನಾಂಗದ್ವೇಷದ ಗುಂಪು, ಇದು ಅಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಮತದಾರರಿಗೆ ಮಾಡುವ ಅವಮಾನ.) ಅಲ್ಲಿನ ಲೇಬರ್ ಸಂಸದೆ ಮಾರ್ಗರೆಟ್ ಹಾಡ್ಜ್ ಮೊದಲು ನಿಮ್ಮ ದಾರಿಯನ್ನೇ ಹಿಡಿದರು. ಮನೆ ಹಂಚಿಕೆಯಲ್ಲಿ ಮೂಲನಿವಾಸಿ ಕುಟುಂಬಗಳಿಗೆ ಆದ್ಯತೆ ಸಿಗಬೇಕು ಎಂದು 2007ರಲ್ಲಿ ಹೇಳಿ ಸ್ವಪಕ್ಷದವರಿಂದಲೇ ಬೈಸಿಕೊಂಡರು. ಕೊನೆಗೆ ಕೆಲಸ ಮಾಡಿದ್ದು ಬೇರೆ. ಕಾರ್ಯಕರ್ತರ ಜೊತೆ ಮನೆಮನೆಯ ಬಾಗಿಲು ತಟ್ಟಿದರು, ಸಣ್ಣ ಸಭೆಗಳಿಗೆ ಜನರನ್ನು ಕರೆದು ಕೂರಿಸಿದರು, ಬೀದಿಯ ಕಸ, ಮುರಿದ ಕಾಲುದಾರಿಗಳ ಅಹವಾಲು ಕೇಳಿದರು, ಆದದ್ದನ್ನು ಮತ್ತೆ ಬಂದು ತಿಳಿಸಿದರು. 2010ರ ಮೇ ತಿಂಗಳಲ್ಲಿ ಬ್ರಿಟಿಷ್ ನ್ಯಾಷನಲ್ ಪಾರ್ಟಿಯ ನಾಯಕ ನಿಕ್ ಗ್ರಿಫಿನ್ ಬಾರ್ಕಿಂಗ್‌ನಲ್ಲಿ ಅವರೆದುರು ನಿಂತು ಮೂರನೆಯ ಸ್ಥಾನಕ್ಕೆ ಬಿದ್ದರು. ಅದೇ ದಿನ ಕೌನ್ಸಿಲ್‌ನ 51 ಸ್ಥಾನಗಳೂ ಲೇಬರ್‌ಗೆ ಬಂದವು. ಸಂಸತ್ ಚುನಾವಣೆಯೂ ಜೊತೆಗಿದ್ದುದರಿಂದ ಮತದಾನ ಏರಿ ಅದೂ ನೆರವಾಯಿತು, ನಿಜ. ಆದರೆ ಮತಗಟ್ಟೆಗೆ ಬಂದವರು ಯಾರನ್ನು ನಂಬಿದರು ಎಂಬುದನ್ನು ನೋಡಿ.

ನಮ್ಮ ಕೌಂಟಿಯಲ್ಲಿ ನಿಮಗೆ ಅವಕಾಶವೇನೂ ಕಡಿಮೆಯಿಲ್ಲ. ಕೌನ್ಸಿಲ್ ದುಡ್ಡಿನ ಸಿಂಹಪಾಲು ಹೋಗುವುದು ವೃದ್ಧರು ಮತ್ತು ಮಕ್ಕಳ ಆರೈಕೆಗೆ. ದುಂದುವೆಚ್ಚ ಕತ್ತರಿಸುತ್ತೇವೆ ಎಂದು ಗೆದ್ದ ರಿಫಾರ್ಮ್ ಆಡಳಿತ ಇಲ್ಲಿ ಐದು ವೃದ್ಧಾಶ್ರಮಗಳನ್ನು ಮುಚ್ಚುವ ಪ್ರಸ್ತಾಪ ಮುಂದಿಟ್ಟಿತು. ಆ ಪಕ್ಷಕ್ಕೆ ಮತ ಹಾಕಿದವರ ಅಪ್ಪ ಅಮ್ಮಂದಿರೂ ಇಂಥ ಮನೆಗಳಲ್ಲೇ ಇದ್ದಾರೆ. ಘೋಷಣೆಗೂ ಆಡಳಿತಕ್ಕೂ ಇರುವ ದೂರವನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನಿಮಗೆ ಎಲ್ಲಿ ಸಿಗಬೇಕು?

ನನಗೆ ಹೆಚ್ಚು ಭಯ ಹುಟ್ಟಿಸುವುದು ಫರಾಜ್ ಅವರ ಭಾಷಣವಲ್ಲ, ಕ್ಷೇತ್ರದಲ್ಲಿ ಎಲ್ಲರಿಗಿಂತ ಹೆಚ್ಚು ಮತ ಪಡೆದವರೇ ಗೆಲ್ಲುವ ನಿಮ್ಮ ಚುನಾವಣಾ ಪದ್ಧತಿ. 2024ರಲ್ಲಿ ಶೇ 33.7 ಮತಕ್ಕೆ ನಿಮಗೆ ಶೇ 63 ಸ್ಥಾನ ಸಿಕ್ಕಿತು. ಇದೇ ಗಣಿತ ನಾಳೆ ಇನ್ನೊಬ್ಬರಿಗೂ ಒಲಿಯಬಹುದು. ಭಾರತದಲ್ಲೂ ಇದೇ ಪದ್ಧತಿ, ಆದರೆ ಅಲ್ಲಿ ಲಿಖಿತ ಸಂವಿಧಾನವಿದೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಹೂಡಿದ ಮೊಕದ್ದಮೆಯಲ್ಲಿ 1973ರಲ್ಲಿ ಸುಪ್ರೀಂ ಕೋರ್ಟ್, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೂಡ ಬದಲಿಸುವಂತಿಲ್ಲ ಎಂದಿತು. ಇಲ್ಲಿ ಅಂಥ ತಡೆ ಇಲ್ಲ. ಕೆಳಮನೆಯಲ್ಲಿ ಬಹುಮತ ಪಡೆದವರು ಮಾನವ ಹಕ್ಕುಗಳ ಕಾಯ್ದೆಯನ್ನೇ ರದ್ದು ಮಾಡಬಹುದು. 1998ರ ಆ ಕಾಯ್ದೆ ತಂದವರು ನೀವೇ.

ಬೀದಿಗೆ ಇಳಿದಾಗ ಈ ಮಾತುಗಳು ಏನಾಗುತ್ತವೆ ಎಂಬುದನ್ನು 2024ರ ಆಗಸ್ಟ್‌ನಲ್ಲಿ ನೋಡಿದೆವು. ಸೌತ್‌ಪೋರ್ಟ್‌ನಲ್ಲಿ ಮೂವರು ಬಾಲಕಿಯರ ಕೊಲೆಯಾದ ಮೇಲೆ, ಕೊಂದವನು ದೋಣಿಯಲ್ಲಿ ಬಂದವನೆಂಬ ಸುಳ್ಳು ಹಬ್ಬಿ ಹಲವೆಡೆ ಗಲಭೆ ಎದ್ದಿತು. ಅವನು ಹುಟ್ಟಿದ್ದು ಕಾರ್ಡಿಫ್‌ನಲ್ಲಿ. ರಿಫಾರ್ಮ್ ಪಕ್ಷ ಗಲಭೆಗೆ ಕರೆ ಕೊಟ್ಟಿರಲಿಲ್ಲ, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಆ ವಾರ ನಾವು ನರ್ಸ್‌ಗಳು ಸಮವಸ್ತ್ರದ ಮೇಲೆ ಕೋಟು ಹಾಕಿಕೊಂಡು ಗುಂಪಾಗಿ ಕಾರ್ ಪಾರ್ಕಿಂಗ್‌ಗೆ ನಡೆದೆವು. ನಿಮ್ಮ ಕಚೇರಿಯಿಂದ ಒಂದು ಸಾಲು ಬರಲಿಲ್ಲ.

ಈಗ ಕೇಳುವುದು ಇಷ್ಟು. ರಿಫಾರ್ಮ್ ಗೆದ್ದ ವಾರ್ಡುಗಳಲ್ಲೇ ನಿಮ್ಮ ಜನಸಂಪರ್ಕ ಸಭೆ ನಡೆಸಿ, ಮೊದಲು ಹಲ್ಲಿನ ವಿಷಯ ಎತ್ತಿ. ಹತ್ತು ವರ್ಷದ ನಿಯಮವನ್ನು ಈಗಾಗಲೇ ಇಲ್ಲಿ ದುಡಿಯುತ್ತಿರುವವರ ಮೇಲೂ ಹೇರುವ ಮಾತಿದೆ. ಆಸ್ಪತ್ರೆಯ ನನ್ನ ವಾರ್ಡಿನಲ್ಲೇ ನಾಲ್ಕನೆಯ ವರ್ಷದಲ್ಲಿರುವ ಸಹೋದ್ಯೋಗಿಗಳಿದ್ದಾರೆ. ಅದರ ಪರ ಇದ್ದೀರೋ ವಿರುದ್ಧ ಇದ್ದೀರೋ, ಲಿಖಿತವಾಗಿ ತಿಳಿಸಿ. ಉತ್ತರವನ್ನು ಇಂಗ್ಲಿಷಿನಲ್ಲೇ ಕೊಡಿ, ಕನ್ನಡಕ್ಕೆ ತರುವ ಕೆಲಸ ನನ್ನದು.

ಇಂತಿ,
ನಿಮ್ಮ ಕ್ಷೇತ್ರದ ಮತದಾರಳು, ಹಾಸನ ಜಿಲ್ಲೆಯಿಂದ ಬಂದ ಒಬ್ಬ ನರ್ಸ್