ಟ್ರಯಲ್ ಪಾಠ ಮನೆಯ ನಾಯಿಗೂ ಬೇಕು

ಮಾನ್ಯ ಸಂಪಾದಕರೇ,

ನಾಯಿಗಳ ಒಬಿಡಿಯೆನ್ಸ್ ಟ್ರಯಲ್ (ಹೇಳಿದ ಮಾತು ಕೇಳುವುದನ್ನು ಅಂಕ ಹಾಕಿ ಅಳೆಯುವ ಸ್ಪರ್ಧೆ) ಎಂದರೆ ಪದಕದ ಹುಚ್ಚು, ಮನೆಯಲ್ಲಿ ಸಾಕಿದ ನಾಯಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ ಎನ್ನುವವರು ಬಹಳ ಜನ. ಈ ಮಾತನ್ನು ಒಪ್ಪಲಾಗದು. 1933ರಲ್ಲಿ ಅಮೆರಿಕದ ಮೌಂಟ್ ಕಿಸ್ಕೋದಲ್ಲಿ ಹೆಲೆನ್ ವೈಟ್‌ಹೌಸ್ ವಾಕರ್ ಇಂಥ ಸ್ಪರ್ಧೆ ನಡೆಸಿದ್ದೇ, ಪೂಡಲ್ ತಳಿಯ ನಾಯಿಗಳು ಬರೀ ಅಂದಕ್ಕಲ್ಲ, ಹೇಳಿದ್ದನ್ನು ಕಲಿತು ಮಾಡುತ್ತವೆ ಎಂದು ತೋರಿಸಲು.

ಆರಂಭದ ಹಂತದ ಪರೀಕ್ಷೆಗಳನ್ನೇ ನೋಡಿ. ಸುಮಾರು ಎಂಟು ಅಡಿ ದೂರದಲ್ಲಿ ನಿಂತ ಇಬ್ಬರ ಸುತ್ತ 8ರ ಆಕಾರದಲ್ಲಿ ನಾಯಿಯೊಂದಿಗೆ ನಡೆಯಬೇಕು. ಅಪರಿಚಿತರ ಪಕ್ಕದಲ್ಲೇ ಹಾದುಹೋದರೂ ಮೈಮೇಲೆ ಹಾರದಿರುವ ಅಭ್ಯಾಸ ಅದು. ತೀರ್ಪುಗಾರರು ಮೈ ಮುಟ್ಟುವಾಗ ಅಲುಗದೆ ನಿಲ್ಲುವುದು ಪಶುವೈದ್ಯರ ಮೇಜಿನ ಮೇಲೆ ಉಪಯೋಗಕ್ಕೆ ಬರುತ್ತದೆ.

ಎಲ್ಲಕ್ಕಿಂತ ದೊಡ್ಡ ಪಾಠ, ಒಂದೇ ಸಲ ಕರೆಯುವುದು. ಟ್ರಯಲ್‌ನಲ್ಲಿ ಮೊದಲ ಕರೆಗೆ ಬಾರದ ನಾಯಿ ಆ ಪರೀಕ್ಷೆಯಲ್ಲಿ ನಪಾಸು. ಮನೆಯಲ್ಲಿ ‘ಬಾ, ಬಾ, ಬಾರೋ’ ಎಂದು ನಾಲ್ಕು ಸಲ ಕೂಗಿದರೆ, ನಾಲ್ಕನೆಯದೇ ನಿಜವಾದ ಕರೆ ಎಂದು ನಾಯಿ ತಿಳಿಯುತ್ತದೆ. ಬರುವುದು ಖಾತ್ರಿಯಿಲ್ಲದಿದ್ದರೆ ಕರೆಯಲೇಬೇಡಿ. ಅಭ್ಯಾಸಕ್ಕೆ ಮೊದಲು ಆರು ಅಡಿಯ ಲೀಶ್ (ಕೊರಳಪಟ್ಟಿಗೆ ಕಟ್ಟುವ ಹಗ್ಗ), ಆಮೇಲೆ ಹದಿನೈದು, ಮೂವತ್ತು ಅಡಿಯ ಹಗ್ಗ. ಹಗ್ಗ ಬಿಚ್ಚಿ ಕರೆಯುವುದು ಆ ನಂತರ. ಕರೆಯುವಾಗ ನಿಮ್ಮ ಸೊಂಟ ಬಾಗುತ್ತದೆಯೇ, ಕೈ ತಿಂಡಿಯ ಜೇಬಿಗೆ ಹೋಗುತ್ತದೆಯೇ ಗಮನಿಸಿ. ಎಷ್ಟೋ ನಾಯಿಗಳು ಮಾತಿಗಲ್ಲ, ಆ ಕೈಗೆ ಓಡಿಬರುತ್ತವೆ; ಬೆನ್ನು ತಿರುಗಿಸಿ ಕರೆದರೆ ಕಿವಿಯೇ ಕೇಳಿಸದಂತೆ ನಿಲ್ಲುತ್ತವೆ.

‘ಸ್ಟೇ’, ಅಂದರೆ ಹೇಳುವವರೆಗೆ ಕೂತಲ್ಲೇ ಇರುವ ಅಭ್ಯಾಸ, ಕೆಡುವುದೂ ನಮ್ಮಿಂದಲೇ. ಕೂರಿಸಿದಾಗಲೆಲ್ಲ ದೂರದಿಂದ ಕರೆಯುತ್ತಿದ್ದರೆ, ಕರೆ ಬರುವ ಮೊದಲೇ ನಾಯಿ ಎದ್ದುಬಿಡುತ್ತದೆ. ಹಾಗಾಗಿ ಐದಾರು ಸಲ ನೀವೇ ಅದರ ಬಳಿ ಹೋಗಿ ಕೂತಲ್ಲೇ ತಿಂಡಿ ಕೊಡಿ, ಒಂದು ಸಲ ಮಾತ್ರ ಕರೆಯಿರಿ. ದೂರ ಹೆಚ್ಚಿಸಿದ ದಿನ ಹೊತ್ತು ಕಡಿಮೆ ಮಾಡಿ. ಅರ್ಧ ನಿಮಿಷ ಕೂರುವ ನಾಯಿಯಿಂದ ನೀವು ಹತ್ತು ಹೆಜ್ಜೆ ಹೋದಿರಾದರೆ, ಐದು ಸೆಕೆಂಡಿನಿಂದ ಶುರುಮಾಡಿ. ಎದ್ದರೆ ಗದರದೆ ಅದೇ ಜಾಗಕ್ಕೆ ತಂದು ಕೂರಿಸಿ, ಸಮಯ ಅರ್ಧಕ್ಕೆ ಇಳಿಸಿ. ಮುಗಿಯಿತು ಎನ್ನಲು ಒಂದು ಪದ ಗೊತ್ತುಮಾಡಿಕೊಳ್ಳಿ, ಇಲ್ಲವಾದರೆ ಯಾವಾಗ ಏಳಬೇಕೆಂದು ನಾಯಿಯೇ ತೀರ್ಮಾನಿಸುತ್ತದೆ.

ಟ್ರಯಲ್‌ನದ್ದೆಲ್ಲ ಮನೆಗೆ ಬೇಕಿಲ್ಲ, ನಿಜ. ಎದುರಿಗೆ ನೆಟ್ಟಗೆ ಕೂರುವುದು, ಮುಖ ನೋಡುತ್ತಲೇ ನಡೆಯುವುದು ಅಂಕಕ್ಕಷ್ಟೇ. ವಾಕಿಂಗ್‌ನಲ್ಲಿ ಲೀಶ್ ಸಡಿಲವಾಗಿದ್ದು, ನಾಯಿ ಮೂಸುತ್ತ ನಡೆದರೆ ಸಾಕು. ಇನ್ನೊಂದು ಎಚ್ಚರ: ಮೈದಾನದಲ್ಲಿ ಪೂರ್ಣ ಅಂಕ ಪಡೆದ ನಾಯಿ ಮನೆಬಾಗಿಲಲ್ಲಿ ಮಾತು ಕೇಳದೇ ಇರಬಹುದು. ಅದು ಹಟವಲ್ಲ. ನಾಯಿ ಕಲಿಯುವಾಗ ಜಾಗವನ್ನೂ ಸೇರಿಸಿಯೇ ಕಲಿಯುತ್ತದೆ. ಅಡುಗೆಮನೆ, ಬಾಗಿಲು, ರಸ್ತೆಬದಿ ಹೀಗೆ ಪ್ರತಿ ಹೊಸ ಜಾಗದಲ್ಲೂ ಮೊದಲ ಹೆಜ್ಜೆಯಿಂದಲೇ ಕಲಿಸಬೇಕು.

ಸ್ಪರ್ಧೆ ನಡೆಸುವ ಕ್ಲಬ್‌ಗಳಿಗೆ ಒಂದು ಕೋರಿಕೆ. ಅಂಕಗಳ ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಅದೇ ರಿಂಗ್ (ಸ್ಪರ್ಧೆಯ ಅಂಕಣ) ಅನ್ನು ಮನೆನಾಯಿಗಳಿಗೆ ಬಿಡಿ. ತಿಂಡಿಗೆ ಅವಕಾಶವಿರಲಿ, ತೀರ್ಪುಗಾರರು ಪಕ್ಕದಲ್ಲಿ ನಿಂತು ಎಲ್ಲಿ ತಪ್ಪಿತೆಂದು ಮಾಲೀಕರಿಗೆ ಹೇಳಲಿ.

– ಒಬ್ಬ ಶ್ವಾನ ತರಬೇತುದಾರ