ಜಪಾನ್‌ಗೂ ಮಾನವ ಹಕ್ಕು ಆಯೋಗ ಬೇಕು

ಮಾನ್ಯರೇ,
ಜಪಾನಿನಲ್ಲಿ ಇವತ್ತಿಗೂ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಇಲ್ಲ. 2002ರಲ್ಲಿ ಒಂದು ಮಸೂದೆ ಬಂತು, 2012ರಲ್ಲಿ ಇನ್ನೊಂದು. ಎರಡೂ ಸಂಸತ್ತಿನ ಕೆಳಮನೆ ವಿಸರ್ಜನೆ ಆದಾಗ ಬಿದ್ದುಹೋದವು.

2021ರ ಮಾರ್ಚ್‌ನಲ್ಲಿ ನಗೋಯಾದ ವಲಸೆ ಬಂಧನ ಕೇಂದ್ರದಲ್ಲಿ ಶ್ರೀಲಂಕಾದ ಯುವತಿಯೊಬ್ಬಳು ಊಟ ಸೇರದೆ, ದಿನದಿನಕ್ಕೂ ಸೊರಗಿ ಪ್ರಾಣ ಬಿಟ್ಟಳು, ಆ ಸಾವಿನ ಬಗ್ಗೆ ವರದಿ ಬರೆದದ್ದು ಅವಳನ್ನು ಕೂಡಿಹಾಕಿದ್ದ ಅದೇ ವಲಸೆ ಇಲಾಖೆ. ಇದು ಸರಿನಾ?

ನಮ್ಮಲ್ಲಿ 1993ರಿಂದ ಆಯೋಗ ಇದೆ. ಅದು ಶಿಫಾರಸು ಮಾಡಬಹುದು ಅಷ್ಟೇ, ನಿಜ. ಆದರೂ ಪೊಲೀಸ್ ವಶದಲ್ಲಿ ಯಾರಾದರೂ ಸತ್ತರೆ 24 ಗಂಟೆಯೊಳಗೆ ಅದಕ್ಕೆ ತಿಳಿಸಬೇಕು ಅನ್ನೋ ನಿಯಮ ಇದೆಯಲ್ವಾ? ಹೊರಗಿನ ಕಣ್ಣೊಂದು ಇದ್ದೇ ಇರಬೇಕು. ಜಪಾನ್ ಸರ್ಕಾರ ಅಂಥ ಮಸೂದೆಯನ್ನು ಮತ್ತೆ ಮಂಡಿಸಲಿ, ಆದರೆ ಆಯೋಗವನ್ನು ಕಾನೂನು ಸಚಿವಾಲಯದ ಕೈಕೆಳಗೆ ಇಡದಿರಲಿ.

– ಓದುಗ, ಮೈಸೂರು