ಈ ವಾರದ ಚಿತ್ರ: ಒಂದೇ ಗೆರೆಯ ಮುಖ

ಎಲ್ಲರಿಗೂ ನಮಸ್ಕಾರ. ಈ ವಾರ ಫ್ರಾನ್ಸಿನ ಕೆತ್ತನೆಗಾರ ಕ್ಲೋಡ್ ಮೆಲ್ಲಾನ್ 1649ರಲ್ಲಿ ತಾಮ್ರದ ತಗಡಿನಲ್ಲಿ ಕೆತ್ತಿ, ಕಾಗದದ ಮೇಲೆ ಅಚ್ಚು ಹಾಕಿದ ‘ಸಂತ ವೆರೋನಿಕಾಳ ವಸ್ತ್ರ’ ನೋಡೋಣ. ವೆರೋನಿಕಾ ಯೇಸುವಿನ ಮುಖ ಒರೆಸಿದಳೆಂಬ ಕಥೆಯ ಬಟ್ಟೆಯ ಮೇಲೆ, ಮುಳ್ಳಿನ ಕಿರೀಟ ತೊಟ್ಟ ಯೇಸುವಿನ ಮುಖ ಮೂಡಿರುವುದನ್ನು ತೋರಿಸುವ ಚಿತ್ರ ಇದು.

ದಯವಿಟ್ಟು ಸುಮ್ನೆ ನೋಡಿ ಮುಂದೆ ಹೋಗಬೇಡಿ. ಮೂಗಿನ ತುದಿಯನ್ನು ದೊಡ್ಡದು ಮಾಡಿ ನೋಡಿ. ಅಲ್ಲಿಂದ ಒಂದು ಗೆರೆ ಶುರುವಾಗುತ್ತದೆ. ಅದೇ ಗೆರೆ ಸುತ್ತುತ್ತಾ ಸುತ್ತುತ್ತಾ ಅಂಚಿನವರೆಗೂ ಹೋಗುತ್ತದೆ. ಕಣ್ಣು, ಗಡ್ಡ, ರಕ್ತದ ಹನಿ, ಎಲ್ಲವೂ ಆ ಗೆರೆಯೇ!

ಆ ಕಾಲದ ಹೆಚ್ಚಿನ ಕೆತ್ತನೆಗಾರರು ನೆರಳು ಬೇಕೆಂದರೆ ಗೆರೆಯ ಮೇಲೆ ಅಡ್ಡಗೆರೆ ಹಾಕುತ್ತಿದ್ದರು. ಮೆಲ್ಲಾನ್ ಇಲ್ಲಿ ಅದನ್ನು ಪೂರ್ತಿ ಬಿಟ್ಟಿದ್ದಾನೆ. ಬ್ಯೂರಿನ್ ಎಂಬ ಉಕ್ಕಿನ ಉಳಿಯನ್ನು ಒತ್ತಿದರೆ ತಾಮ್ರದಲ್ಲಿ ಗೆರೆ ಆಳವಾಗುತ್ತದೆ, ಅಗಲವೂ ಆಗುತ್ತದೆ. ಅಲ್ಲಿ ಶಾಯಿ ಜಾಸ್ತಿ ನಿಲ್ಲುತ್ತದೆ, ಕಾಗದದ ಮೇಲೆ ಕಪ್ಪು ಗಾಢವಾಗುತ್ತದೆ. ಒತ್ತಡ ಸಡಿಲಿಸಿದರೆ ಬೆಳಕು. ಅಷ್ಟೇ ಉಪಾಯ, ಆದರೆ ಕೈ ಎಷ್ಟು ಪಳಗಿರಬೇಕು ಅಲ್ವಾ? ತಾಮ್ರದಲ್ಲಿ ತಪ್ಪಾದರೆ ಸರಿಮಾಡುವುದು ಬಹಳ ಕಷ್ಟ. ಮೇಲಾಗಿ ಅಚ್ಚಿನಲ್ಲಿ ಎಡಬಲ ತಿರುಗುವುದರಿಂದ ಎಲ್ಲವನ್ನೂ ಉಲ್ಟಾ ಯೋಚಿಸಿ ಕೆತ್ತಬೇಕು.

ಭಕ್ತಿಯ ಚಿತ್ರದಲ್ಲಿ ಇಂಥ ಚಮತ್ಕಾರ ಬೇಕಿತ್ತೇ ಎಂದು ಕೆಲವರಿಗೆ ಅನಿಸಬಹುದು. ನನಗಂತೂ ಆ ಕೈಚಳಕದಲ್ಲೇ ಭಕ್ತಿ ಕಾಣುತ್ತದೆ.

ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ ಸಂಗ್ರಹದಲ್ಲೂ ಇದರ ಪ್ರತಿ ಇದೆ. ಅವರ ವೆಬ್‌ಸೈಟಿನಲ್ಲಿ ಹುಡುಕಿ. ನಿಮಗೆ ಇಷ್ಟವಾದ ಒಂದು ಭಾಗವನ್ನು ಕತ್ತರಿಸಿ, ಎರಡು ಸಾಲು ಬರೆದು ಭಾನುವಾರದೊಳಗೆ ಇಲ್ಲಿ ಹಾಕಿ. ಬೇರೆ ಫಾರ್ವರ್ಡ್‌ಗಳು ಅಲ್ಲಿಯವರೆಗೆ ಬೇಡ.